ಜೀಡಿಯೂ ಅಲ್ಲ, ಮದ್ದೂ ಅಲ್ಲ

ನನ್ನ ಹೊಟ್ಟೆಯ ಬಲಗಡೆ ಹೊಲಿಗೆಯ ಗುರುತೊಂದಿದೆ. ಅಪೆಂಡಿಕ್ಸ್ ತೆಗೆದದ್ದು. ತೆಗೆದ ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತಂತೆ. ತೆಗೆದ ಡಾಕ್ಟರೇ ಹಾಗೆಂದು ನಗುತ್ತ ಹೇಳಿದರು, ನನಗೇನೋ ಬಹುಮಾನ ಬಂದಿದೆ ಎನ್ನುವ ಹಾಗೆ. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದೆ. ಮುಂದಿನ ತಿಂಗಳು ಅದೇ ನೋವು ಅದೇ ಜಾಗದಲ್ಲಿ ಬಂತು. ಆಗ ಅದೇ ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ನಿಮ್ಮ ಹೆಂಡತಿಗೆ ಮನೆಯಲ್ಲಿ ಏನಾದರೂ ಬೇಸರವಿದೆಯೇ ಎಂದು ಕೇಳಿದರು. ಅಲ್ಲಿಯ ತನಕ ಇರಲಿಲ್ಲ. ಅವತ್ತಿನಿಂದ ಶುರುವಾಯಿತು.

ನನ್ನ ಹೆಸರು ಮಾಳಮ್ಮ. ಜಹೀರಾಬಾದಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ತವರು ನಾರಾಯಣಖೇಡದ ಹತ್ತಿರದ ಒಂದು ಹಳ್ಳಿ, ಕುರಿ ಸಾಕುವ ಮನೆ. ತುಂಬಿದ ಬಸ್ಸಿನಲ್ಲಿ ಒಂದು ಮಾತಿಗೆ ಎರಡು ಮಾತು ಕೊಡದಿದ್ದರೆ ಟಿಕೆಟ್ ಕೊಟ್ಟು ಮುಗಿಸಲು ಆಗುವುದಿಲ್ಲ, ಹಾಗಾಗಿ ನನ್ನ ಬಾಯಿ ಜೋರು. ಈ ಬರಹವೂ ಹಾಗೆಯೇ ಇರುತ್ತದೆ. ಕಾಯಿಲೆಯಿಂದ ತಾಳ್ಮೆ ಕಲಿತೆ, ಬದುಕಿನ ಬೆಲೆ ತಿಳಿಯಿತು ಎಂದು ಬರೆಯುವವರಿದ್ದಾರೆ. ನನಗೆ ಅದು ಕಲಿಸಿದ್ದು ಸಿಟ್ಟು, ಅದಿನ್ನೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ. ಇದೇ ಬಾವು ಹೊತ್ತುಕೊಂಡು ಎಲ್ಲೋ ಒಬ್ಬಳು ಸೋಗಲಾಡಿ ಎನ್ನಿಸಿಕೊಂಡು ಕೂತಿರಬಹುದು. ಅವಳಿಗೆ ಇದು ತಲುಪಲಿ ಎಂದು.

ನೋವು ಬರುವ ಬಗೆ ಹೀಗಿತ್ತು. ಮೊದಲ ದಿನ ಹೊಟ್ಟೆ ಬಿಗಿಯುತ್ತದೆ. ಎರಡನೆಯ ದಿನ ನೀರು ಕುಡಿದರೂ ವಾಂತಿ, ನೆಲದ ಮೇಲೆ ಹೊರಳಾಡಬೇಕು. ಮೂರನೆಯ ದಿನ ಏನೂ ಆಗಿಯೇ ಇಲ್ಲವೆಂಬಂತೆ ತಾನಾಗಿ ಇಳಿದುಬಿಡುತ್ತದೆ. ಇಳಿಯುವುದೇ ದೊಡ್ಡ ತೊಂದರೆ. ಸ್ಕ್ಯಾನಿಂಗಿಗೆ ನನ್ನ ಸರದಿ ಬರುವಷ್ಟರಲ್ಲಿ ಹೊಟ್ಟೆ ಮೆತ್ತಗಾಗಿ, ನಾನು ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಹಬ್ಬದ ಅಡುಗೆ ಬಂತೆಂದರೆ ಇವಳ ಹೊಟ್ಟೆ ಏಳುತ್ತದೆ ಎಂದು ಅತ್ತೆ ಬೀಗರ ಮುಂದೆಲ್ಲ ಹೇಳಿಕೊಂಡು ಬಂದಳು. ಡಿಪೋದಲ್ಲಿ ರಜೆ ಕೇಳಲು ಹೋದರೆ ಗುಮಾಸ್ತ, ಏನಮ್ಮ, ಮತ್ತೆ ಹೊಟ್ಟೆಯಾ, ಎಂದು ಅಕ್ಕಪಕ್ಕದವರಿಗೂ ಕೇಳಿಸುವಂತೆ ಕೇಳುತ್ತಿದ್ದ. ನನ್ನ ಪಾಲಿಗೆ ಒಳ್ಳೆಯವನೆಂದರೆ ನಮ್ಮ ಬಸ್ಸಿನ ಡ್ರೈವರ್ ಒಬ್ಬನೇ. ನನ್ನ ಮುಖ ನೋಡಿಯೇ ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿ, ರೇಡಿಯೇಟರಿಗೆ ನೀರು ಹಾಕಬೇಕು, ಐದು ನಿಮಿಷ ಎಂದು ಮಂದಿಗೆ ಸುಳ್ಳು ಹೇಳುತ್ತಿದ್ದ. ನಾನು ಗಾಡಿಯ ಹಿಂದೆ ಹೋಗಿ ವಾಂತಿ ಮಾಡಿ ಬರುತ್ತಿದ್ದೆ.

ಕೆಲವು ಸಲ ಹೊಟ್ಟೆಯ ಬದಲು ಕೈ ಉಬ್ಬುತ್ತಿತ್ತು. ದಿನವೆಲ್ಲ ಟಿಕೆಟ್ ಮಿಷನ್ನಿನ ಗುಂಡಿ ಒತ್ತಿದ ಬಲಗೈ ಬೆಳಗಾಗುವುದರೊಳಗೆ ಮಡಚಲು ಬಾರದಷ್ಟು ಊದಿಕೊಂಡಿರುತ್ತಿತ್ತು. ತುರಿಕೆಯಿಲ್ಲ, ಕೆಂಪಿಲ್ಲ. ಇದಕ್ಕೆ ಮಾತ್ರ ನಾನು ಯಾವ ಡಾಕ್ಟರನ್ನೂ ಕೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು, ಅಥವಾ ಹಾಗೆ ನಾನು ತಿಳಿದಿದ್ದೆ. ಅಪ್ಪನಂತೆ ನನಗೂ ಜೀಡಿ ಆಗಿಬರುವುದಿಲ್ಲ ಎಂದುಕೊಂಡಿದ್ದೆ.

ಜೀಡಿ ಎಂದರೆ ಕರಿಗೇರು. ಅದರ ಕಾಯಿ ಚುಚ್ಚಿದರೆ ಬರುವ ಕಪ್ಪೆಣ್ಣೆಯಿಂದ ನಮ್ಮವರು ಕುರಿಗಳಿಗೆ ಗುರುತು ಹಾಕುತ್ತಾರೆ, ಗೊರಸು ಕೊಳೆತರೆ ಹಚ್ಚುತ್ತಾರೆ. ಅದು ತಾಗಿದರೆ ಕೆಲವರ ಚರ್ಮ ಸುಟ್ಟಂತಾಗಿ ಉಬ್ಬುತ್ತದೆ. ಅಪ್ಪನ ಕೈಕಾಲುಗಳು ನಾನು ನೋಡುತ್ತ ಬಂದಾಗಿನಿಂದ ವರ್ಷಕ್ಕೆ ಹಲವು ಸಲ ಉಬ್ಬುತ್ತಿದ್ದವು, ಮನೆಯಲ್ಲಿ ಎಲ್ಲರೂ ಅದನ್ನು ಜೀಡಿಯ ಲೆಕ್ಕಕ್ಕೆ ಹಾಕಿದ್ದರು. ಹೊಲದ ಬದುವಿನಲ್ಲಿ ಆ ಮರ ಕಂಡರೆ ಅಪ್ಪ ಚಪ್ಪಲಿ ಬಿಟ್ಟು, "ಮಾವಾ, ಶರಣು. ನಿನ್ನ ತಂಟಿಗಿ ನಾ ಬರಂಗಿಲ್ಲ, ನನ್ನ ತಂಟಿಗಿ ನೀ ಬರಬ್ಯಾಡ" ಎಂದು ಕೈ ಮುಗಿದು ಮುಂದೆ ಹೋಗುತ್ತಿದ್ದ. ಮರವನ್ನು ಮಾವ ಎಂದು ಕರೆದರೆ ಅದು ನೆಂಟಸ್ತಿಕೆ ನೋಡಿ ಸುಮ್ಮನಿರುತ್ತದಂತೆ. ನಮಗೂ ಹಾಗೆ ಅನ್ನಲು ಕಲಿಸಿದ್ದ. ಜೀಡಿ ಮುಟ್ಟದ ದಿನವೂ ಕೈ ಉಬ್ಬಿದರೆ, ಗಾಳಿಯಲ್ಲಿ ಬಂದಿರಬೇಕು ಎನ್ನುತ್ತಿದ್ದ. ನಿಜವಾಗಿ ಜೀಡಿ ತಾಗಿದವರಿಗೆ ತುರಿಕೆಯಾಗುತ್ತದೆ, ಗುಳ್ಳೆ ಏಳುತ್ತದೆ, ಚರ್ಮ ಸುಲಿಯುತ್ತದೆ. ಅಪ್ಪನಿಗೆ ಇವ್ಯಾವುವೂ ಇರಲಿಲ್ಲ. ಜೀವಮಾನವಿಡೀ ಕುರಿಗಳ ನಡುವೆ ಇದ್ದ ಮನುಷ್ಯ ಇದನ್ನು ಒಂದು ಸಲವೂ ಯೋಚಿಸಲಿಲ್ಲ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ದಿನ ಎದ್ದಾಗ ತುಟಿ ಊದಿತ್ತು. ಮುಖ ತೊಳೆಯುವಷ್ಟರಲ್ಲಿ ನಾಲಿಗೆ ಬಾಯಿಯೊಳಗೆ ಹಿಡಿಸದಂತಾಯಿತು. ಗಂಡ ಆಟೋದಲ್ಲಿ ಹಾಕಿಕೊಂಡು ಹೋದ. ಅಲರ್ಜಿಯ ಇಂಜೆಕ್ಷನ್ ಕೊಟ್ಟರು, ಇಳಿಯಲಿಲ್ಲ. ಇನ್ನೊಂದು ಕೊಟ್ಟರು, ಅದೂ ನಾಟಲಿಲ್ಲ. ಅಂಬುಲೆನ್ಸಿನಲ್ಲಿ ಹೈದರಾಬಾದಿಗೆ ಕಳಿಸಿದರು. ದಾರಿಯುದ್ದಕ್ಕೂ ಉಸಿರನ್ನು ಒಂದೊಂದಾಗಿ ಎಳೆದುಕೊಂಡೆ. ಅಷ್ಟು ಹೆದರಿಕೆ ನನಗೆ ಆಪರೇಷನ್ನಿನಲ್ಲೂ ಆಗಿರಲಿಲ್ಲ. ಗಂಟಲಿಗೆ ಕೊಳವೆ ಹಾಕಬೇಕೆಂದು ಅವರು ತಯಾರಾಗಿ ನಿಂತಿದ್ದಾಗ, ಅವರ ಯಾವ ಔಷಧಿಗೂ ಸಂಬಂಧವಿಲ್ಲದೆ ಅದು ತಾನೇ ಇಳಿಯತೊಡಗಿತು.

ಒಂದು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದರು. ಆ ದೊಡ್ಡ ಸರ್ಕಾರಿ ದವಾಖಾನೆಯ ಪಡಸಾಲೆಯಲ್ಲಿ ಕಾಯುವವರು ಎಷ್ಟು ಮಂದಿ ಎಂದರೆ, ನನ್ನ ಬಸ್ಸಿನ ಭಾನುವಾರದ ರಷ್ಷು ಅದರ ಮುಂದೆ ಏನೂ ಅಲ್ಲ. ವಾಚ್‌ಮನ್ ಎಲ್ಲರನ್ನೂ ಕುರಿಗಳಂತೆ ಅಟ್ಟುತ್ತಿದ್ದ. ಕುರಿಗಳನ್ನೂ ಹಾಗೆ ಅಟ್ಟಬಾರದು ಎಂದು ಅವನಿಗೆ ಹೇಳಿದೆ. ಅವನು ನನ್ನನ್ನು ಕೊನೆಯ ಸಾಲಿಗೆ ಕಳಿಸಿದ. ಪಕ್ಕದಲ್ಲಿ ಕೂತಿದ್ದ ಕೂಸಿನ ತಾಯಿ ತನ್ನ ಡಬ್ಬಿಯಿಂದ ಎರಡು ಇಡ್ಲಿ ತೆಗೆದು ನನ್ನ ಕೈಗಿಟ್ಟಳು. ಅವಳ ಹೆಸರನ್ನು ನಾನು ಕೇಳಲೂ ಇಲ್ಲ, ಹಸಿವಿನಲ್ಲಿ ತಿಂದುಬಿಟ್ಟೆ.

ಒಳಗಿದ್ದದ್ದು ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವಳು ತೆಲುಗಿನಲ್ಲಿ ಕೇಳಿದ ಪ್ರಶ್ನೆಯನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಇನ್ಯಾರಿಗೆ ಬಾವು ಬರುತ್ತದೆ? ಅಪ್ಪನಿಗೆ ಬರುತ್ತದೆ, ಆದರೆ ಅದು ಜೀಡಿಯದು ಎಂದೆ. ಗಂಟಲು ಊದಿ ಯಾರಾದರೂ ತೀರಿಕೊಂಡಿದ್ದಾರಾ? ಕಾಕಾ ಹೋಗಿದ್ದಾನೆ, ಆದರೆ ಅವನಿಗೆ ಹೆಂಡತಿ ಮದ್ದು ಹಾಕಿದ್ದಳು ಎಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿ ಒಂದು ಅನುಮಾನವೂ ಇರಲಿಲ್ಲ. ಮನೆಯಲ್ಲಿ ಕೇಳುತ್ತ ಬೆಳೆದ ಮಾತು ಅದು, ಊರ ಹೆಸರು ಹೇಳಿದಷ್ಟೇ ಸಲೀಸಾಗಿ ಬಂತು. ಡಾಕ್ಟರಮ್ಮ, ಆ ಹೆಂಡತಿ ಈಗ ಎಲ್ಲಿದ್ದಾಳೆ ಎಂದು ಕೇಳಿದಳು.

ಕಾಕಾ ಎಂದರೆ ಅಪ್ಪನ ತಮ್ಮ ಸಿದ್ದಪ್ಪ. ನಾನು ಶಾಲೆಗೆ ಹೋಗುತ್ತಿದ್ದಾಗ ಅವನು ಹೋದ. ಬೆಳಗ್ಗೆ ಕೆನ್ನೆ ಊದಿತ್ತು, ಮಧ್ಯಾಹ್ನಕ್ಕೆ ದನಿ ನಿಂತಿತು, ಸಂಜೆಗೆ ಜೀವ. ಅವನಿಗೆ ಮದುವೆಯಾಗಿ ವರ್ಷ ತುಂಬಿತ್ತೋ ಇಲ್ಲವೋ. ಕಾಕಿ ಲಚ್ಚಮ್ಮ ಪೆದ್ದೆಮುಲ್ ಕಡೆಯವಳು, ಆಗ ಬಸುರಿ. ಗಂಡ ತನ್ನ ಮಾತು ಕೇಳಲಿ ಎಂದು ಹೆಂಡತಿ ಊಟದಲ್ಲಿ ಏನೋ ಬೆರೆಸಿ ಹಾಕುತ್ತಾಳೆ, ಅದು ಹೆಚ್ಚಾದರೆ ಗಂಟಲಿಗೆ ಕಟ್ಟಿ ಕೊಲ್ಲುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಮದ್ದು ಎನ್ನುವುದು. ಅಪ್ಪ ತಮ್ಮನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಮದ್ದು ಕಕ್ಕಿಸುವವನ ಹತ್ತಿರ ಒಯ್ದ, ದವಾಖಾನೆಗಲ್ಲ. ಅವನು ಏನನ್ನೋ ಅರೆದು ಕುಡಿಸಲು ಹೋದಾಗ ಕಾಕಾನ ಗಂಟಲಿನಲ್ಲಿ ಇಳಿಯಲು ಜಾಗವೇ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಕಾಕಿಯ ಕೈಯ ನೀರನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಅವಳು ಮಾಡಿದ ರೊಟ್ಟಿ ಬುಟ್ಟಿಯಲ್ಲೇ ಒಣಗಿದವು. ಕೆಲವು ದಿನ ನೋಡಿ ಒಬ್ಬಳೇ ಪೆಟ್ಟಿಗೆ ಎತ್ತಿಕೊಂಡು ತವರಿಗೆ ಹೋದಳು. ಯಾರೂ ತಡೆಯಲಿಲ್ಲ.

ರಕ್ತದ ರಿಪೋರ್ಟು ಬರಲು ವಾರಗಳೇ ಹಿಡಿದವು. ಬಂದಾಗ ಡಾಕ್ಟರಮ್ಮ ಒಂದು ಹೆಸರು ಹೇಳಿದಳು: ಹೆರಿಡಿಟರಿ ಆಂಜಿಯೋಎಡೀಮಾ. ಹುಟ್ಟಿನಿಂದ ಬರುವುದು, ಮನೆತನದಲ್ಲಿ ಇಳಿಯುತ್ತ ಹೋಗುವುದು. ಒಂದೇ ಮನೆಯಲ್ಲಿ ಒಬ್ಬರಿಗೆ ಕೈಕಾಲು, ಒಬ್ಬರಿಗೆ ಹೊಟ್ಟೆ, ಒಬ್ಬರಿಗೆ ಗಂಟಲು, ಇನ್ನೊಬ್ಬರಿಗೆ ಏನೂ ಇಲ್ಲ. ಹೀಗೇ ಆಗುತ್ತದೆ ಎಂದು ಮೊದಲೇ ಹೇಳಲು ಯಾರಿಂದಲೂ ಸಾಧ್ಯವಿಲ್ಲವಂತೆ. ನನಗೆ ಬಂದ ಮೊದಲ ಭಾವನೆ ಸಂತೋಷ, ಅದನ್ನು ಮುಚ್ಚಿಡುವುದಿಲ್ಲ. ನಾನು ಸುಳ್ಳಿಯಲ್ಲ ಎಂದು ಒಂದು ಕಾಗದದ ಮೇಲೆ ಅಚ್ಚಾಗಿತ್ತು. ಎರಡನೆಯದು ಸಿಟ್ಟು. ಅಪ್ಪನ ಊತಕ್ಕೆ ಜೀಡಿ ಎಂದರು, ಕಾಕಾನದಕ್ಕೆ ಮದ್ದು ಎಂದರು, ನನ್ನದಕ್ಕೆ ನಾಟಕ ಎಂದರು. ಮೂರು ಹೆಸರಲ್ಲಿ ಎರಡರ ತಪ್ಪು ಹೆಂಗಸರ ತಲೆಗೆ, ಒಂದರದು ಮರದ ತಲೆಗೆ. ನಮ್ಮ ಮನೆಯ ಗಂಡಸರ ರಕ್ತದ ಮೇಲೆ ಮಾತ್ರ ಯಾರಿಗೂ ಸಂಶಯ ಬಂದಿರಲಿಲ್ಲ.

ಕೇಳದೆ ಹಲ್ಲು ಕೀಳಿಸಬೇಡಿ, ನಿಮ್ಮ ರಕ್ತ ಸಂಬಂಧದವರಿಗೆಲ್ಲ ಹೇಳಿ ಎಂದು ಡಾಕ್ಟರಮ್ಮ ಎಚ್ಚರಿಸಿದಳು. ಬಾಯಲ್ಲಿ ಒಂದು ಹಲ್ಲು ಕಿತ್ತರೆ ಮಾರನೆಯ ದಿನ ಗಂಟಲು ಮುಚ್ಚಬಹುದಂತೆ. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಕಾಕಾ ಸಾಯುವ ಮುಂಚೆ ಹಲ್ಲು ಕೀಳಿಸಿದ್ದನಾ ಎಂದು ಕೇಳಿದೆ. ಅಪ್ಪ ಯೋಚಿಸಿ, ಹೌದು, ಹಿಂದಿನ ದಿನ ನಾರಾಯಣಖೇಡದಲ್ಲಿ ದವಡೆ ಹಲ್ಲು ಕೀಳಿಸಿ ಬಂದಿದ್ದ, ಯಾಕೆ ಎಂದ. ಬಂದು ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಅಪ್ಪ ಮತ್ತು ಅಣ್ಣ ಬೀರಪ್ಪ ಇಬ್ಬರನ್ನೂ ಜಗಳ ಮಾಡಿಯೇ ಹೈದರಾಬಾದಿಗೆ ಕರೆದೊಯ್ದೆ. ಅಣ್ಣ ತೋಳು ಚಾಚಿ, ಎಷ್ಟು ಬೇಕೋ ತೆಗೆದುಕೊಳ್ಳಿ, ನನಗೆ ಏನೂ ಇಲ್ಲ ಎಂದು ನರ್ಸಿನ ಮುಂದೆ ನಗೆಯಾಡಿದ. ಅವನಿಗೆ ಹುಟ್ಟಿದಾಗಿನಿಂದ ಒಂದು ಬೆರಳೂ ಊದಿದ್ದಿಲ್ಲ. ರಿಪೋರ್ಟು ಬಂದಾಗ ಅಪ್ಪನಿಗೂ ಇತ್ತು, ಅವನಿಗೂ ಇತ್ತು. ಅಣ್ಣನ ಅಂಕಿ ನನ್ನದಕ್ಕಿಂತ ಕೆಟ್ಟದಾಗಿತ್ತು. ಅಣ್ಣ ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡು, ಮಿಷನ್ ತಪ್ಪು ತೋರಿಸಿದೆ ಎಂದ. ನಾನು ನೆಲದ ಮೇಲೆ ಹೊರಳಿದ್ದು ನಾಟಕವಾದರೆ ಅವನು ಸುಮ್ಮನೆ ಗಟ್ಟಿಮುಟ್ಟಾಗಿ ತಿರುಗಿದ್ದೇನು ಪುಣ್ಯವೇ? ಅದೇ ರಕ್ತ, ಅದೇ ತಾಯಿ ತಂದೆ. ಅವನನ್ನು ಬಿಟ್ಟು ನನ್ನನ್ನು ಹಿಡಿಯಲು ಈ ಕಾಯಿಲೆಗೆ ಯಾವ ಕಾರಣವೂ ಬೇಕಿರಲಿಲ್ಲ. ಈ ಅನ್ಯಾಯಕ್ಕೆ ಬೈಯಲು ಎದುರಿಗೆ ಯಾರೂ ಇಲ್ಲ, ಹಾಗಾಗಿ ನಾನು ಅಣ್ಣನ ಜೊತೆ ಜಗಳವಾಡಿದೆ.

ಆಗಲೇ ಪೆದ್ದೆಮುಲ್ ಕಡೆಯ ಸುದ್ದಿ ಬಂದದ್ದು. ತಾಂಡೂರಿನ ಬಸ್ಸಿಗೆ ನನ್ನ ಡ್ಯೂಟಿ ಇತ್ತು. ಆ ಕಡೆಯ ಒಬ್ಬ ಹೆಂಗಸು ಹತ್ತಿದಳು. ಲಚ್ಚಮ್ಮ ಎಂಬವಳು ನಿಮ್ಮೂರಲ್ಲಿ ಇದ್ದಾಳಾ ಎಂದು ಟಿಕೆಟ್ ಕೊಡುತ್ತ ಕೇಳಿದೆ. ಇದ್ದಾಳೆ, ಮಗಳು ಸುಜಾತಾ ಹೊಲಿಗೆ ಮಾಡುತ್ತಾಳೆ, ಪಾಪ ಅದಕ್ಕೆ ದವಡೆ ಹಲ್ಲು ಹುಳುಕಾಗಿ ಮುಖವೆಲ್ಲ ನೋವು, ಬರುವ ವಾರ ತಾಂಡೂರಿಗೆ ಹೋಗಿ ಕೀಳಿಸುತ್ತಾರಂತೆ ಎಂದಳು. ಕಾಕಾನ ಮಗಳು ಅವಳು. ಅದು ಅವಳಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ರಕ್ತ ನೋಡದೆ ಹಲ್ಲು ಕಿತ್ತರೆ ಅವಳೂ ತನ್ನ ಅಪ್ಪನ ದಾರಿ ಹಿಡಿಯಬಹುದು.

ತವರಿಗೆ ಹೋಗಿ ಹೇಳಿದೆ. ಅಣ್ಣ ಕೇಳಿಸಿಕೊಂಡು ಬಾಗಿಲು ಹಾಕಿ ಬಂದ.

"ಮದ್ದು ಅಂದ್ರ ಆಕಿ ಮ್ಯಾಲ ಹೋಗ್ತದ. ಜಡ್ಡು ಅಂದ್ರ ನಮ್ಮ ಮ್ಯಾಲ ಬರ್ತದ. ಮನ್ಯಾಗ ಲಗ್ನಕ್ಕ ಬಂದ ಹುಡುಗಿ ಅದಾಳ. ನೀ ಬಾಯಿ ಮುಚ್ಚಿಕೊಂಡು ಇರು."

"ನನ್ನ ಗಂಟಲಾ ಯಾವತ್ತಾರ ತಾನೇ ಮುಚ್ಚಿಕೊಳ್ತದ ಅಣ್ಣಾ. ಅಲ್ಲೀತನಕ ನಾ ಮುಚ್ಚಂಗಿಲ್ಲ."

ಅಣ್ಣನ ಮಾತಿನಲ್ಲಿ ಕೆಟ್ಟದ್ದು ಇದ್ದಷ್ಟೇ ಲೆಕ್ಕಾಚಾರವೂ ಇತ್ತು, ಅದು ನನಗೆ ತಿಳಿಯುತ್ತದೆ. ಧಾರೂರು, ಬೊಮ್ರಾಸಪೇಟ್ ತನಕ ನಮ್ಮ ಬೀಗರಿದ್ದಾರೆ. ರಕ್ತ ಕೆಟ್ಟ ಮನೆ ಎಂಬ ಮಾತು ಹರಡಿದರೆ ಅವನ ಮಗಳನ್ನು ಯಾರೂ ಕೇಳುವುದಿಲ್ಲ. ಕಾಕಿಯ ಮಗಳನ್ನು ಇಷ್ಟು ವರ್ಷ ಯಾರು ಕೇಳಿದ್ದರು ಎಂಬ ಪ್ರಶ್ನೆ ಮಾತ್ರ ಅವನ ಲೆಕ್ಕದಲ್ಲಿ ಇರಲಿಲ್ಲ.

ಮಾರನೆಯ ದಿನವೇ ಪೆದ್ದೆಮುಲ್ ಕಡೆಗೆ ಹೋದೆ. ಕಾಕಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದ ಮೇಲೂ ಕೂಡು ಅನ್ನಲಿಲ್ಲ, ನೀರು ಕೊಡಲಿಲ್ಲ. ನೀರು ಕೊಟ್ಟರೆ ನಾನು ಕುಡಿಯುವುದಿಲ್ಲ ಎಂದು ತಿಳಿದಿದ್ದಳೇನೋ. ನಿಂತುಕೊಂಡೇ ಎಲ್ಲ ಹೇಳಿದೆ. ಕಾಕಾನ ಹಲ್ಲು, ಅಪ್ಪನ ಕೈ, ನನ್ನ ಹೊಟ್ಟೆ, ಡಾಕ್ಟರಮ್ಮನ ಮಾತು. ಅವಳು ಮೊರದಿಂದ ತಲೆ ಎತ್ತದೆ ಕೇಳಿದಳು. ನಾನು ಮುಗಿಸಿದ ಮೇಲೆ ಎತ್ತಿದಳು.

"ನಿಮ್ಮನಿ ರಕ್ತದಾಗಿನ ಜಡ್ಡು ನನ್ನ ಕೈಗಿ ಕಟ್ಟಿ ಕಳಿಸಿದ್ರಿ. ಈಗ ತಿರುಗಿ ತೊಗೊಂಡು ಹೋಗಾಕ ಬಂದಿ ಏನು?"

ಆಮೇಲೆ ಅವಳು ಒಂದೊಂದಾಗಿ ಹೇಳಿದಳು. ತವರಿನಲ್ಲೂ ಆ ಮಾತು ಅವಳಿಗಿಂತ ಮೊದಲೇ ಬಂದು ಕೂತಿತ್ತು. ಓಣಿಯಲ್ಲಿ ಮದುವೆಯಾದರೆ ಎಲ್ಲ ಹೆಂಗಸರನ್ನೂ ರೊಟ್ಟಿ ಬಡಿಯಲು ಕರೆಯುತ್ತಾರೆ, ಇವಳನ್ನು ಕರೆಯುವುದಿಲ್ಲ. ಸುಜಾತಾಳನ್ನು ನೋಡಲು ಬಂದವರು ಚಹಾ ಕುಡಿಯದೆ ಏಳುತ್ತಾರೆ. ಇಷ್ಟನ್ನೂ ಅಳದೆ, ಸಂತೆಯ ಧಾರಣೆ ಹೇಳುವವಳಂತೆ ಹೇಳಿದಳು. ಹಲ್ಲು ಕೀಳಿಸುವುದನ್ನು ನಿಲ್ಲಿಸುತ್ತೇನೆ, ಆದರೆ ನೀನು ಕರೆದಲ್ಲಿಗೆ ರಕ್ತ ಕೊಡಲು ನನ್ನ ಮಗಳು ಬರುವುದಿಲ್ಲ ಎಂದಳು. ಯಾಕೆ ಎಂದು ಕೇಳಿದೆ.

"ನಿಮ್ಮಪ್ಪ ಬರ್ಲಿ. ಈ ಕಟ್ಟಿ ಮ್ಯಾಲ ಕುಂತು, ಓಣಿ ಮಂದಿ ಮುಂದ ನನ್ನ ಕೈ ಅಡಗಿ ಉಣ್ಲಿ. ಆಮ್ಯಾಲ ಈಕಿ ರಕ್ತ ಎಷ್ಟು ಬೇಕು ಅಷ್ಟು ತೆಗಸು."

ಮಗಳ ಜೀವ ಇಟ್ಟುಕೊಂಡು ಹಟ ಮಾಡುತ್ತಾಳಲ್ಲ ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು. ಬಸ್ ಸ್ಟಾಪಿನ ತನಕ ಸುಜಾತಾ ಬಂದಳು. ಕಾಕಾನದೇ ಹಣೆ, ಕಾಕಾನದೇ ನಡಿಗೆ. ಕೆನ್ನೆಗೆ ಸೆರಗು ಒತ್ತಿ ಹಿಡಿದಿದ್ದಳು. ಬಸ್ಸು ಕಂಡಾಗ ಮೆಲ್ಲಗೆ, "ಹಲ್ಲಾ ಭಾಳ ನೋಯ್ತದ ಅಕ್ಕಾ. ದೊಡ್ಡಪ್ಪಗ ಜಲ್ದಿ ಕರ್ಕೊಂಡು ಬಾ" ಎಂದಳು. ಎಂದೂ ನೋಡದವನನ್ನು ದೊಡ್ಡಪ್ಪ ಎಂದಳಲ್ಲ, ಆ ಒಂದು ಮಾತಿಗೆ ನಾನು ಬಸ್ಸಿನಲ್ಲಿ ಅತ್ತೆ.

ಅಪ್ಪ ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಕಾಕಿಯ ಕೈಯ ನೀರನ್ನು ಮೊದಲು ಬೇಡವೆಂದವನು ಅವನೇ. ಕುರಿ ಹಟ್ಟಿಯ ಹತ್ತಿರ ಕೂತಿದ್ದಾಗ ಹೋಗಿ, ಕಾಕಾನ ಹಲ್ಲಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಅವನಿಗೆ ಕಾಕಿಯ ಶರತ್ತು ಕೇಳಿಸಿತೋ ಇಲ್ಲವೋ. ಅವನು ಕೇಳಿದ್ದು ಬೇರೆ.

"ಹಂಗಾದ್ರ ಅವನಿಗಿ ನಾ ತಪ್ಪು ಜಾಗಕ್ಕ ಒಯ್ದೆ ಏನು?"

"ಹೌದಪ್ಪಾ."

ಅಪ್ಪ ಮುಖ ತಿರುಗಿಸಿಕೊಂಡ. ಕಾಕಾನನ್ನು ದವಾಖಾನೆಗೆ ಒಯ್ದಿದ್ದರೂ ಆ ಕಾಲದಲ್ಲಿ ಉಳಿಯುತ್ತಿದ್ದ ಎಂಬ ಭರವಸೆ ಇರಲಿಲ್ಲ ಎಂದು ಡಾಕ್ಟರಮ್ಮ ನನಗೆ ಹೇಳಿದ್ದಳು. ಅದನ್ನು ಅವತ್ತು ಅಪ್ಪನಿಗೆ ಹೇಳಲಿಲ್ಲ. ಕಾಕಿಗೆ ಇಷ್ಟು ವರ್ಷದಲ್ಲಿ ಯಾರೂ ಯಾವ ಸಮಾಧಾನವನ್ನೂ ಹೇಳಿರಲಿಲ್ಲ. ಅಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕತ್ತರಿ ಹಿಡಿದು ಕುರಿಗಳ ಉಣ್ಣೆ ಕತ್ತರಿಸಲು ಕೂತ. ಕಾಲ ಅಲ್ಲದ ಕಾಲದಲ್ಲಿ ಯಾಕೆ ಎಂದು ಅಣ್ಣ ಕೇಳಿದರೂ ಬಿಡದೆ, ಹೊತ್ತು ಇಳಿಯುವ ತನಕ ಕತ್ತರಿಸಿದ. ಕೈಗೆ ಒತ್ತಡ ಬಿದ್ದಷ್ಟೂ ನಮಗೆ ಬಾವು ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ಅವನ ಕಿವಿಯ ಮೇಲೂ ಬಿದ್ದಿತ್ತು. ಜೀಡಿ ಮುಟ್ಟದೆಯೂ ಊದುತ್ತದೆಯೇ ಎಂದು ತಾನೇ ನೋಡಬೇಕಿತ್ತೇನೋ. ಬೆಳಗ್ಗೆ ನೋಡಿದರೆ ಬಲಗೈ ಮೊಣಕೈ ತನಕ ಊದಿ, ಬೆರಳುಗಳ ನಡುವೆ ಸಂದಿಯೇ ಇರಲಿಲ್ಲ. ನೋಡು, ದೇವರೇ ಬೇಡ ಅನ್ನುತ್ತಿದ್ದಾನೆ, ಹೋಗಬೇಡ ಎಂದು ಅಣ್ಣ ಅಡ್ಡ ನಿಂತ. ಅಪ್ಪ ಎಡಗೈಯಿಂದ ಅವನನ್ನು ಸರಿಸಿ, ನಡಿ ಎಂದು ನನಗೆ ಹೇಳಿದ.

ಮುಂದಿನದನ್ನು ಬರೆಯುವ ಮುಂಚೆ ಒಂದು ಮಾತು. ಸುಜಾತಾಳ ರಕ್ತದಲ್ಲೂ ಅದು ಇತ್ತು. ರಿಪೋರ್ಟಿಗಾಗಿ ಕಾಯುವುದು ಎಂಥದ್ದೆಂದು ನನಗೆ ಗೊತ್ತು, ಓದುವವರನ್ನು ಕಾಯಿಸುವ ಮನಸ್ಸಿಲ್ಲ. ಅವಳ ಹಲ್ಲನ್ನು ಆಮೇಲೆ ಹೈದರಾಬಾದಿನಲ್ಲಿ, ಬಾವು ಏಳದಂತೆ ಮೊದಲೇ ಪ್ಲಾಸ್ಮಾ, ಅಂದರೆ ರಕ್ತದ ತಿಳಿ, ಕೊಟ್ಟು ಕಿತ್ತರು. ಕೆನ್ನೆ ಸ್ವಲ್ಪ ಊದಿ ಇಳಿಯಿತು. ಅವಳು ಹೊಲಿಯುತ್ತಾಳೆ, ಫೋನಿನಲ್ಲಿ ನನ್ನ ಜೊತೆ ಹರಟುತ್ತಾಳೆ. ನಾನು ಮಾತ್ರೆ ನುಂಗುತ್ತೇನೆ. ಅದರಿಂದ ಗಲ್ಲದ ಮೇಲೆ ಕೂದಲು ಬಂದಿವೆ, ಮೈ ದಪ್ಪಗಾಗಿದೆ. ಬಸ್ಸಿನಲ್ಲಿ ಯಾರಾದರೂ ನೋಡಿ ನಕ್ಕರೆ ಅವರ ಸ್ಟಾಪು ಬರುವ ತನಕ ಅವರಿಗೆ ನೆಮ್ಮದಿ ಕೊಡುವುದಿಲ್ಲ. ಬಾವು ಈಗಲೂ ಬರುತ್ತದೆ, ಮೊದಲಿಗಿಂತ ಕಡಿಮೆ. ಅಣ್ಣನಿಗೆ ಇನ್ನೂ ಏನೂ ಆಗಿಲ್ಲ. ಅವನ ಮಗಳ ರಕ್ತ ನೋಡಿಸಲು ಬಿಟ್ಟಿಲ್ಲ, ನಾನೂ ಬಿಡುವವಳಲ್ಲ.

ಆದರೆ ಅದಕ್ಕೆಲ್ಲ ಮೊದಲು ಆ ಊಟ ಆಗಬೇಕಿತ್ತು. ನಾವು ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಬರುತ್ತೇವೆಂದು ಸುಜಾತಾಳಿಗೆ ಬೆಳಗ್ಗೆಯೇ ಫೋನ್ ಮಾಡಿದ್ದೆ, ಕಾಕಿ ಓಣಿಗೆಲ್ಲ ಹೇಳಿಟ್ಟಿದ್ದಳು. ಬಾಗಿಲುಗಳಲ್ಲಿ ಹೆಂಗಸರು, ಬೇವಿನ ಮರದ ಕೆಳಗೆ ಗಂಡಸರು, ಕೆಲಸ ಬಿಟ್ಟು ನಿಂತಿದ್ದರು. ಅಪ್ಪ ಕಟ್ಟೆಯ ಮೇಲೆ ಕೂತ. ಕಾಕಿ ತಲೆಯ ಮೇಲೆ ಸೆರಗು ಹೊದ್ದು, ತಮ್ಮನ ಹೆಂಡತಿ ಭಾವನಿಗೆ ಹೇಗೆ ಬಡಿಸಬೇಕೋ ಹಾಗೆ, ಗಂಗಾಳ ಇಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ನೀರು. ಇಟ್ಟು ಎದುರಿಗೆ ನಿಂತಳು.

ಅಪ್ಪ ರೊಟ್ಟಿಗೆ ಕೈ ಹಾಕಿದ. ಬೆರಳುಗಳು ಮಡಚಲಿಲ್ಲ. ಅಂಗೈಯಿಂದ ಒತ್ತಿ ಮುರಿಯಲು ನೋಡಿದ, ರೊಟ್ಟಿ ಜಾರಿತು. ಎಡಗೈಯಿಂದ ಉಣ್ಣುವಂತಿರಲಿಲ್ಲ. ಯಾರೋ ಗಂಡಸು, ಉಣ್ಣಲು ಮನಸ್ಸಿಲ್ಲ, ನೆವ ಹುಡುಕುತ್ತಿದ್ದಾನೆ ಎಂದ. ಸುಜಾತಾ ಮುಂದೆ ಬಂದು ರೊಟ್ಟಿ ಮುರಿದು ಕೊಡಲು ಬಾಗಿದಳು. ಕಾಕಿ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ನಾನು ಏಳಲು ಹೋದೆ, ನನ್ನನ್ನೂ ಕಣ್ಣಿನಲ್ಲೇ ಕೂರಿಸಿದಳು. ಅವಳ ದೃಷ್ಟಿ ಅಪ್ಪನ ಕೈಯ ಮೇಲೆ ಇತ್ತು. ಜೀಡಿಯೂ ಅಲ್ಲದ ಮದ್ದೂ ಅಲ್ಲದ ಆ ಬಾವನ್ನು ಅವಳು ಬಹಳ ಹೊತ್ತು ನೋಡಿದಳು. ಗಂಡನ ಮುಖದಲ್ಲಿ ನೋಡಿದ್ದನ್ನೇ ನೋಡುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಅವಳ ಕೈ ಮಾತ್ರ ಚಾಚಲಿಲ್ಲ.

ಅಪ್ಪ ತಂಬಿಗೆಯ ನೀರನ್ನು ರೊಟ್ಟಿಯ ಮೇಲೆ ಸುರಿದುಕೊಂಡ. ಅದು ನೆನೆದು ಮೆತ್ತಗಾದ ಮೇಲೆ ಅಂಗೈಯ ಅಂಚಿನಿಂದ ಕೆರೆದು, ಬಾಯಿಯನ್ನು ಗಂಗಾಳದ ಹತ್ತಿರ ತಂದು ಉಂಡ. ಅರ್ಧ ಎದೆಯ ಮೇಲೆ ಬಿತ್ತು. ಅಂಗಿಗೆ ಪಲ್ಯ ಸೋರಿತು. ನಮ್ಮೂರಿನಲ್ಲಿ ನ್ಯಾಯ ಹೇಳುವ ಪಂಚರ ಸಾಲಿನಲ್ಲಿ ಕೂಡುವ ಮನುಷ್ಯ. ಅಷ್ಟೂ ಮಂದಿಯಲ್ಲಿ ಒಬ್ಬರೂ ನಗಲಿಲ್ಲ. ಕೊನೆಯ ತುತ್ತಿನ ತನಕ ಉಂಡು, ಬರಿದಾದ ಗಂಗಾಳವನ್ನು ಎರಡೂ ಕೈಯಿಂದ ಎತ್ತಿ ಓಣಿಗೆ ಕಾಣುವಂತೆ ಪಕ್ಕಕ್ಕಿಟ್ಟ. ಆಮೇಲೆ ಕಾಕಿಯ ಮುಖ ನೋಡದೆ, "ತಪ್ಪಾತವ್ವಾ" ಎಂದ.

ಇನ್ನು ಮುಗಿಯಿತು, ಮಧ್ಯಾಹ್ನದ ಬಸ್ಸು ಸಿಗುತ್ತದೆ ಎಂದುಕೊಂಡು ನಾನು ಚಪ್ಪಲಿ ಹಾಕಿಕೊಂಡೆ. ಅಪ್ಪನೂ ಗೋಡೆ ಹಿಡಿದು ಎದ್ದ. ಕಾಕಿ ಗಂಗಾಳ ಎತ್ತಿಕೊಂಡು ಒಳಗೆ ಹೊರಟವಳು ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಈಗ್ಲೇ ಏಳಬ್ಯಾಡ್ರಿ ಬಾವಾ. ಹೊತ್ತು ಮುಣುಗೂತನಕ ಇಲ್ಲೇ ಕೂಡ್ರಿ. ನನ್ನ ಕೈ ಅಡಗಿ ಉಂಡವರು ಸಾಯಂಗಿಲ್ಲ ಅಂತ ಓಣಿ ನೋಡ್ಲಿ."

ಅಪ್ಪ ಮತ್ತೆ ಕೂತ. ಹೊತ್ತು ಮುಳುಗುವ ತನಕ, ಪಲ್ಯ ಮೆತ್ತಿದ ಅಂಗಿಯಲ್ಲೇ, ಎಲ್ಲರಿಗೂ ಕಾಣುವಂತೆ ಕೂತಿದ್ದ.